ಕಡ್ಡಿ ಗುಮ್ಮಟದ ಶಿಲ್ಪಿ

ಕಲಬುರಗಿಯ ಹವ್ಯಾಸಿಗಳಲ್ಲಿ ಪಾರಿವಾಳ ಸಾಕುವವರನ್ನೂ ಹಳೆಯ ನಾಣ್ಯ ಕೂಡಿಡುವವರನ್ನೂ ಬಿಟ್ಟರೆ ಅಧ್ಯಯನಕ್ಕೆ ಯೋಗ್ಯವಾದ ಮತ್ತೊಂದು ವರ್ಗವೆಂದರೆ ಕಡ್ಡಿಶಿಲ್ಪಿಗಳದು. ಬೆಂಕಿಕಡ್ಡಿಗಳನ್ನು ಅಂಟಿನಿಂದ ಒಂದಕ್ಕೊಂದು ಜೋಡಿಸಿ ಕಟ್ಟಡ, ರಥ, ಹಡಗುಗಳ ಪುಟ್ಟ ಮಾದರಿಗಳನ್ನು ಮಾಡುವವರಿಗೆ ಇಲ್ಲಿ ಈ ಹೆಸರು. ಬೇರೆ ಊರಿನ ಕಡ್ಡಿಶಿಲ್ಪಿ ಒಂದು ಗುಡಿಸಲು, ಹೆಚ್ಚೆಂದರೆ ಒಂದು ಎತ್ತಿನ ಬಂಡಿ ಮಾಡಿ ತೃಪ್ತನಾಗುವುದುಂಟು. ಕಲಬುರಗಿಯ ರೋಜಾ ಬಡಾವಣೆಯ ನಿವಾಸಿಗೆ ಆ ಭಾಗ್ಯವಿಲ್ಲ. 1422ರಲ್ಲಿ ದೇಹಬಿಟ್ಟ ಸೂಫಿ ಸಂತ ಖ್ವಾಜಾ ಬಂದೇ ನವಾಜರ ದರ್ಗಾದ ಗುಮ್ಮಟವನ್ನು ದಿನವೂ ನೋಡುತ್ತ ಬೆಳೆದವನು ಗುಡಿಸಲು ಕಟ್ಟಿ ಓಣಿಯಲ್ಲಿ ತಲೆಯೆತ್ತಿ ತಿರುಗುವುದಾದರೂ ಹೇಗೆ?

ಈತ ಸಾಮಾನ್ಯವಾಗಿ ಯಾವುದೋ ಸರ್ಕಾರಿ ಕಚೇರಿಯಲ್ಲಿ ಮೂರು ದಶಕ ಕಡತ ಸರಿಸಿ ನಿವೃತ್ತನಾದವನು. ಬೀಡಿ ಸೇದದೆ, ಊದುಬತ್ತಿಯನ್ನೂ ಕೊಳ್ಳದೆ, ಬಂಡಲುಗಟ್ಟಲೆ ಕಡ್ಡಿಪೆಟ್ಟಿಗೆಯನ್ನು ಮಾತ್ರ ಒಯ್ಯುವುದರಿಂದ ಕಿರಾಣಿ ಅಂಗಡಿಯವರು ಕೆಲಕಾಲ ಈತನನ್ನು ಸಂಶಯದಿಂದ ನೋಡುತ್ತಾರೆ. ಹದಿನಾಲ್ಕು ವರ್ಷ ಒಂದು ರೂಪಾಯಿಯಲ್ಲೇ ನಿಂತಿದ್ದ ಪೆಟ್ಟಿಗೆಯ ಬೆಲೆಯನ್ನು 2021ರ ಡಿಸೆಂಬರಿನಲ್ಲಿ ಶಿವಕಾಶಿ ಭಾಗದ ತಯಾರಕರು ಎರಡು ರೂಪಾಯಿಗೆ ಏರಿಸಿದ್ದನ್ನು ದೇಶ ಗಮನಿಸಿತೋ ಇಲ್ಲವೋ, ಈತ ಮಾತ್ರ ಅದನ್ನು ತನ್ನೊಬ್ಬನ ಮೇಲೆಯೇ ಹೂಡಿದ ಸಂಚೆಂದು ಇಂದಿಗೂ ನಂಬಿದ್ದಾನೆ.

ಕಡ್ಡಿಯ ತುದಿಯಲ್ಲಿ ಪೊಟ್ಯಾಶಿಯಂ ಕ್ಲೋರೇಟ್, ಗಂಧಕ ಮೊದಲಾದವುಗಳ ಮಿಶ್ರಣವಿದ್ದು, ಪೆಟ್ಟಿಗೆಯ ಪಕ್ಕಕ್ಕೆ ಬಳಿದ ಕೆಂಪು ರಂಜಕಕ್ಕೆ ಅದನ್ನು ಗೀರಿದಾಗ ಬೆಂಕಿ ಹುಟ್ಟುತ್ತದೆ. ಈ ತುದಿಯನ್ನು ನೇಲ್ ಕಟರಿನಿಂದ ಒಂದೊಂದಾಗಿ ಕತ್ತರಿಸಿ ನೀರಿಗೆ ಹಾಕುವುದೇ ಶಿಲ್ಪದ ಮೊದಲ ಘಟ್ಟ. ತುದಿಯಿಲ್ಲದ ಕಡ್ಡಿಗಳೇ ಕರಕುಶಲ ಸಾಮಗ್ರಿಯ ಅಂಗಡಿಗಳಲ್ಲಿ ಸಿಗುತ್ತವೆ ಎಂದು ಯಾರಾದರೂ ಹೇಳಿದರೆ ಈತ ಫ್ರಾನ್ಸಿನ ರಿಷಾರ್ ಪ್ಲೋ ಎಂಬಾತನ ಕಥೆಯನ್ನು ಮುಂದಿಡುತ್ತಾನೆ: ಎಂಟು ವರ್ಷ ದುಡಿದು, 7,06,900 ಕಡ್ಡಿಗಳಿಂದ 7.19 ಮೀಟರ್ ಎತ್ತರದ ಐಫೆಲ್ ಗೋಪುರ ಕಟ್ಟಿದ ಆ ಪುಣ್ಯಾತ್ಮನು ತುದಿಯಿಲ್ಲದ ಕಡ್ಡಿಗಳನ್ನು ತಯಾರಕರಿಂದಲೇ ತರಿಸಿಕೊಂಡ ಕಾರಣಕ್ಕೆ ಗಿನ್ನೆಸ್ ಸಂಸ್ಥೆ 2024ರಲ್ಲಿ ದಾಖಲೆಯನ್ನು ನಿರಾಕರಿಸಿತು. ಕೆಲವೇ ದಿನಗಳಲ್ಲಿ ಅದೇ ಸಂಸ್ಥೆ ಮನಸ್ಸು ಬದಲಿಸಿ ದಾಖಲೆಯನ್ನು ಒಪ್ಪಿಕೊಂಡಿತೆಂಬ ಉತ್ತರಾರ್ಧವನ್ನು ಈತ ಹೇಳುವುದಿಲ್ಲ.

ಕಲಬುರಗಿಯ ಬೇಸಿಗೆಗೂ ಈ ಕಲೆಗೂ ಹಳೆಯ ವೈರ. ಫ್ಯಾನು ತಿರುಗಿದರೆ ಕಡ್ಡಿಗಳು ಹಾರುತ್ತವೆ, ಕೂಡಿಸುವ ಮೊದಲೇ ಫೆವಿಕಾಲ್ ಕೆನೆಗಟ್ಟುತ್ತದೆ. ಆದ್ದರಿಂದ ಪಾದರಸ 42 ಡಿಗ್ರಿ ದಾಟಿದ ಮೇ ತಿಂಗಳ ಮಧ್ಯಾಹ್ನದಲ್ಲಿ ಫ್ಯಾನು ನಿಲ್ಲಿಸಲಾಗುತ್ತದೆ ಮತ್ತು ಮನೆಮಂದಿಯೆಲ್ಲ ಕಲೆಯ ಸಲುವಾಗಿ ಬೆವರುತ್ತಾರೆ. ಮನೆಯೊಡತಿಯ ದೂರು ಇಷ್ಟೇ ಅಲ್ಲ: “ಮಸೀದಿ ಕಟ್ಟೋವಷ್ಟು ಕಡ್ಡಿ ಅವರಿ ಮನ್ಯಾಗ, ದೇವರ ಮುಂದ ದೀಪಾ ಹಚ್ಚಲಾಕ ಒಂದೂ ಇಲ್ಲ!”

ಮಸೀದಿಯೆಂದರೆ ಕೋಟೆಯೊಳಗಿನ ಜಾಮಿಯಾ ಮಸೀದಿ. 1367ರ ಈ ಕಟ್ಟಡವನ್ನು ಆರಿಸಿಕೊಂಡದ್ದು ಅವಿವೇಕವೆಂದೇ ಹೇಳಬೇಕು. ಬೇರೆ ಮಸೀದಿಗಳಲ್ಲಿ ತೆರೆದ ಅಂಗಳವಿರುವುದರಿಂದ ಒಂದು ರಟ್ಟಿನ ಹಾಳೆ ಹಾಸಿ ಅರ್ಧ ಕೆಲಸ ಮುಗಿಸಬಹುದು, ಆದರೆ ಇಲ್ಲಿ ಅಂಗಳವೇ ಇಲ್ಲದೆ ಇಡೀ ಜಾಗಕ್ಕೆ ಛಾವಣಿಯಿದ್ದು, ಮಿಹ್ರಾಬಿನ, ಅಂದರೆ ಪ್ರಾರ್ಥನೆಯ ದಿಕ್ಕು ಸೂಚಿಸುವ ಗೂಡಿನ, ಮುಂದೊಂದು ಹಾಗೂ ಮೂಲೆಗೊಂದರಂತೆ ದೊಡ್ಡ ಗುಮ್ಮಟಗಳೂ ಅವುಗಳ ನಡುವೆ ಹತ್ತಾರು ಸಣ್ಣವೂ ಕುಳಿತಿವೆ. ಕಡ್ಡಿಯೋ, ಸುಮಾರು 4 ಸೆಂಟಿಮೀಟರ್ ಉದ್ದದ, ಬಾಗಿಸಿದರೆ ಮುರಿಯುವ ಹಟಮಾರಿ. ಚೌಕದ ಮೇಲೆ ದುಂಡನೆಯದನ್ನು ಕೂರಿಸುವುದು ಹೇಗೆಂದು ರಾತ್ರಿಗಳನ್ನು ಕಳೆದು, ಕೊನೆಗೆ ನಾಲ್ಕು ಮೂಲೆಗಳಿಗೂ ಅಡ್ಡಲಾಗಿ ಕಡ್ಡಿಯಿಟ್ಟು ಚೌಕವನ್ನು ಎಂಟು ಮೂಲೆಯದಾಗಿ, ಅದನ್ನು ಹದಿನಾರರದಾಗಿ ಮಾಡಿ, ಮೇಲೆ ಕಿರಿದಾಗುತ್ತ ಹೋಗುವ ಉಂಗುರಗಳನ್ನು ಪೇರಿಸುವ ಉಪಾಯವನ್ನು ಈತ ಕಂಡುಹಿಡಿಯುತ್ತಾನೆ. ಮೂಲೆಗೆ ಅಡ್ಡಗಮಾನು ಹಾಕುವ ಇದೇ ಉಪಾಯವನ್ನು ಬಹಮನಿ ಕಾಲದ ಗಾರೆಯವರು ಆರು ಶತಮಾನಗಳ ಹಿಂದೆಯೇ ಬಳಸಿದ್ದರೆಂದು ಯಾರೋ ತಿಳಿಸಿದಾಗ ಈತ ಕುಗ್ಗುವುದಿಲ್ಲ. ಅವರೂ ಜಾಣರೇ ಇದ್ದರೆಂದು ಮೆಚ್ಚಿಕೊಳ್ಳುತ್ತಾನೆ. ಉಂಗುರಗಳ ಮೆಟ್ಟಿಲು ಕಾಣದಂತೆ ಉಪ್ಪುಕಾಗದದಿಂದ ಉಜ್ಜಿ, ಉಳಿದ ಸಂದುಗಳಿಗೆ ಮರದ ಪುಡಿ ಮತ್ತು ಅಂಟು ಕಲಸಿ ಮೆತ್ತುವ ಕೆಲಸ ಮಾತ್ರ ಬಾಗಿಲು ಹಾಕಿಕೊಂಡೇ ನಡೆಯುತ್ತದೆ.

ನೋಡಲು ಬಂದವರು ಕೇಳುವುದು ಎಷ್ಟು ಕಡ್ಡಿ, ಎಷ್ಟು ದಿನ, ಕೊಟ್ಟರೆ ಎಷ್ಟಕ್ಕೆ ಎಂದು. ಹೊರಡುವಾಗ ಒಂದು ಕಿಡಿ ಬಿದ್ದರೆ ಏನು ಗತಿ ಎಂಬ ವಿನೋದವೂ ತಪ್ಪದು. ಕಮಾನಿನ ಬಗ್ಗೆ ಒಬ್ಬರೂ ಕೇಳುವುದಿಲ್ಲ. ಧೂಳಿಗೆ ಹೆದರಿ ಮಾಡಿಸಿದ ಗಾಜಿನ ಪೆಟ್ಟಿಗೆಗೆ ಮಸೀದಿಗಿಂತ ಹೆಚ್ಚು ಖರ್ಚಾಗಿ, ಅದು ಟಿವಿಯ ಜಾಗವನ್ನು ಆಕ್ರಮಿಸಿ, ಟಿವಿ ಅಡುಗೆಮನೆಗೆ ಹೋಗಿದೆ. ಮುಂದಿನ ಯೋಜನೆ ದರ್ಗಾದ ಹತ್ತಿರದ ಹಫ್ತ್ ಗುಂಬಜ್, ಅಂದರೆ ಏಳು ಗುಮ್ಮಟ, ಎಂಬ ಬಹಮನಿ ಗೋರಿಗಳ ಸಮೂಹ. ಏಳೇ ತಾನೆ ಎಂದು ಮನೆಯವರು ಸಮಾಧಾನಪಟ್ಟುಕೊಂಡಿದ್ದಾರೆ. ಅಲ್ಲಿ ಫಿರೋಜ್ ಶಹಾನ ಗೋರಿಯೊಂದಕ್ಕೇ ಎರಡು ಗುಮ್ಮಟಗಳಿವೆಯೆಂಬ ಸಂಗತಿಯನ್ನು ಅವರಿಗೆ ಇನ್ನೂ ತಿಳಿಸಿಲ್ಲ.