ಹಬಲ್‌ಗೂ ಬಂತು ಕನ್ನಡಕ

ಮಸೂರ ಸಾಧು ಸ್ವಭಾವದ್ದು. ಬಂದ ಬೆಳಕನ್ನು ಒಳಗೆ ಕರೆದು, ಸ್ವಲ್ಪ ಬಗ್ಗಿಸಿ, ಆ ಕಡೆ ದಾಟಿಸುತ್ತದೆ. ಕನ್ನಡಿ ಹಾಗಲ್ಲ, ಬಾಗಿಲಲ್ಲೇ ತಡೆದು 'ಬಂದ ದಾರಿಗೆ ಸುಂಕವಿಲ್ಲ' ಎಂದು ವಾಪಸು ಅಟ್ಟುತ್ತದೆ. ಆದರೂ ನಾವು ದಿನಾ ಹೋಗಿ ನಿಲ್ಲುವುದು ಈ ಒರಟನ ಮುಂದೆಯೇ, ಅದೂ ಬಾಚಣಿಗೆ ಹಿಡಿದು!

ದೂರದರ್ಶಕ ಕಟ್ಟುವವರೂ ಕೊನೆಗೆ ಕನ್ನಡಿಗೇ ಶರಣಾದರು. ಮಸೂರ ಹೊಕ್ಕ ಬೆಳಕು ಬಣ್ಣಬಣ್ಣವಾಗಿ ಚದುರುತ್ತದೆ. ಈ ಗೋಜೇ ಬೇಡವೆಂದು ನ್ಯೂಟನ್ 1668ರಲ್ಲೇ ಕನ್ನಡಿಯ ದೂರದರ್ಶಕ ಮಾಡಿಕೊಂಡ. ಮೇಲಾಗಿ ಮಸೂರವನ್ನು ಅಂಚಿನಲ್ಲಷ್ಟೇ ಹಿಡಿಯಬೇಕು. ದೊಡ್ಡದಾದರೆ ತನ್ನ ಭಾರಕ್ಕೆ ತಾನೇ ಜೋಲುತ್ತದೆ. 1897ರಲ್ಲಿ ಅಮೆರಿಕದ ಯರ್ಕಿಸ್ ವೀಕ್ಷಣಾಲಯ 40 ಇಂಚಿನ ಮಸೂರ ಕೂರಿಸಿತು. ಆಮೇಲೆ ದೊಡ್ಡ ಮಸೂರದ ಹುಮ್ಮಸ್ಸು ಇಳಿಯುತ್ತ ಬಂತು. ಕನ್ನಡಿಗಾದರೆ ಬೆನ್ನ ಹಿಂದೆ ಆಸರೆ ಕೊಡಬಹುದು. ತಮಿಳುನಾಡಿನ ಕಾವಲೂರಿನಲ್ಲಿರುವ ವೈನು ಬಾಪ್ಪು ದೂರದರ್ಶಕದ ಕನ್ನಡಿ 2.34 ಮೀಟರ್ ಅಗಲ.

ಹಾಗಂತ ಕನ್ನಡಿ ಹೇಳಿದ್ದೆಲ್ಲ ಸತ್ಯವೇನಲ್ಲ. ಸ್ಕೂಟರಿನ ಉಬ್ಬುಗನ್ನಡಿಯಲ್ಲಿ ಲಾರಿ ಎಲ್ಲೋ ದೂರದಲ್ಲಿರುತ್ತದೆ, ಹಾರ್ನ್ ಮಾತ್ರ ಬೆನ್ನಿಗೇ ಕೇಳುತ್ತದೆ. ಅದಿರಲಿ, 1990ರಲ್ಲಿ ಬಾಹ್ಯಾಕಾಶಕ್ಕೆ ಹಾರಿದ ಹಬಲ್ ದೂರದರ್ಶಕದ ಕತೆ ಕೇಳಿ. ಅದರ ಕನ್ನಡಿಯ ಅಂಚನ್ನು ಕೂದಲೆಳೆಯ ಸುಮಾರು 50ರಲ್ಲೊಂದು ಪಾಲಿನಷ್ಟು ಹೆಚ್ಚಿಗೆ ಉಜ್ಜಿಬಿಟ್ಟಿದ್ದರು. ಅಷ್ಟಕ್ಕೇ ಚಿತ್ರಗಳೆಲ್ಲ ಮಸುಕು! 1993ರಲ್ಲಿ ಗಗನಯಾತ್ರಿಗಳು ಹೋಗಿ ಅದಕ್ಕೆ 'ಕನ್ನಡಕ' ತೊಡಿಸಿ ಬಂದರೆಂದು ಜನ ಮಾತಾಡಿಕೊಂಡರು. ಆ ಕನ್ನಡಕದಲ್ಲಿ ಒಂದೇ ಒಂದು ಮಸೂರವಿರಲಿಲ್ಲ. ಇದ್ದದ್ದೆಲ್ಲ ಪುಟ್ಟ ಪುಟ್ಟ ಕನ್ನಡಿಗಳೇ.