ಗುಲ್‌ಮೊಹರ್ ಮತ್ತು ಹಾವಸೆ: ಒಂದು ಅವಳಿನಗರ ಸಸ್ಯಮೀಮಾಂಸೆ

ಪ್ರತಿಜ್ಞೆ: ಹುಬ್ಬಳ್ಳಿಯೆಂದರೆ ಗುಲ್‌ಮೊಹರ್, ಧಾರವಾಡವೆಂದರೆ ಹಾವಸೆ. ಒಂದು ಕೆಂಪಗೆ ಕೂಗುತ್ತದೆ, ಇನ್ನೊಂದು ಹಸಿರಾಗಿ ಸುಮ್ಮನಿರುತ್ತದೆ. 1962ರಲ್ಲಿ ಎರಡೂ ಊರುಗಳನ್ನು ಒಂದೇ ಮಹಾನಗರಪಾಲಿಕೆಗೆ ಗಂಟುಹಾಕಿದವರು ಈ ಸೂಕ್ಷ್ಮವನ್ನು ಗಮನಿಸಲಿಲ್ಲವೆಂದು ಸಾಧಿಸುವುದೇ ಪ್ರಸ್ತುತ ಪ್ರಬಂಧದ ಘನೋದ್ದೇಶ.

ಲಕ್ಷಣ: ಗುಲ್‌ಮೊಹರ್, ಅಂದರೆ ಡೆಲೋನಿಕ್ಸ್ ರೀಜಿಯಾ, ಐದು ಎಸಳಿನ ಹೂವುಳ್ಳದ್ದು. ನಾಲ್ಕು ಅಪ್ಪಟ ಕೆಂಪು. ಐದನೆಯದಕ್ಕೆ ಮಾತ್ರ ಬಿಳಿ-ಹಳದಿ ಮಚ್ಚೆಯ ಭಿನ್ನಾಭಿಪ್ರಾಯ. ಹಾವಸೆ, ಅಂದರೆ ಬಿ.ಎಸ್ಸಿ. ಹುಡುಗರು ಬಾಯಿಪಾಠ ಮಾಡುವ ಫ್ಯುನೇರಿಯ ಹೈಗ್ರೊಮೆಟ್ರಿಕ, ಬೇರಿಲ್ಲದ್ದು, ಹೂವಿಲ್ಲದ್ದು, ಬೀಜವಿಲ್ಲದ್ದು. ಆದರೂ ಕಾಂಪೌಂಡ್ ಗೋಡೆಯ ಖಾತೆ ಅದರ ಹೆಸರಿನಲ್ಲೇ ಇದೆ. ತೇವ ಏರಿಳಿದರೆ ಅದರ ಕೋಶದಂಟು ತಿರುಚಿಕೊಳ್ಳುತ್ತದೆ. ಹವಾಮಾನ ವರದಿಗೆ ಕಾಯುವುದಿಲ್ಲ.

ವಿವಾಹ ಪ್ರಕರಣ: ಗುಲ್‌ಮೊಹರ್ ಬೇಸಿಗೆಯಲ್ಲಿ ಇಡೀ ರಸ್ತೆಗೆ ಲಗ್ನಪತ್ರಿಕೆ ಹಂಚುತ್ತದೆ. ಹಾವಸೆಗಳನ್ನು ಲಿನೇಯಸ್ 1753ರಲ್ಲೇ ಗುಪ್ತವಿವಾಹಿಗಳ ವರ್ಗಕ್ಕೆ ಸೇರಿಸಿಬಿಟ್ಟ. ಅವುಗಳ ವರಮಹಾಶಯ ನೀರಿನ ಪೊರೆಯಲ್ಲಿ ಈಜಿಯೇ ವಧುವನ್ನು ತಲುಪಬೇಕು; ಆದ್ದರಿಂದ ಧಾರವಾಡದ ಜಿಟಿಜಿಟಿ ಮಳೆ ಹಿಡಿಯುವವರೆಗೆ ಮುಹೂರ್ತವಿಲ್ಲ.

ಪೂರ್ವಪಕ್ಷ: ‘ಗುಲ್‌ಮೊಹರ್ ಧಾರವಾಡದಾಗೂ ಐತಲ್ರೀ, ಹುಬ್ಬಳ್ಳಿ ಗಟಾರದ ದಂಡಿಗೆ ಹಾವಸಿ ಇಲ್ಲೇನ್ರೀ?’ ಎಂದು ಲೈನ್ ಬಜಾರಿನ ಚಹಾದಂಗಡಿ ಪಂಡಿತರು ಆಕ್ಷೇಪಿಸುತ್ತಾರೆ.

ಸಮಾಧಾನ: ಇದೆ. ಆದರೆ ಆ ಮರಗಳು ನಿಯೋಜನೆಯ ಮೇಲೆ ಹೋದವು, ಆ ಹಾವಸೆ ವರ್ಗವಾಗಿ ಬಂದದ್ದು. ಮೂಲನಿವಾಸದ ದಾಖಲೆ ಕೇಳಿದರೆ ಗುಲ್‌ಮೊಹರ್ ಮಡಗಾಸ್ಕರಿನದು. ಹುಬ್ಬಳ್ಳಿಯವರು ಅದನ್ನು ತಮ್ಮದೆನ್ನುವುದು ಬರೀ ವ್ಯಾಪಾರಿ ಧೈರ್ಯ. ಸೇವಾಹಿರಿತನ ನೋಡಿದರೆ ಹಾವಸೆಯ ವಂಶಕ್ಕೆ 40 ಕೋಟಿ ವರ್ಷ ದಾಟಿದೆ, ಹೂಬಿಡುವ ಗಿಡಗಳಿಗೆ ಸುಮಾರು 13 ಕೋಟಿ. ಹಾವಸೆ ಇನ್ನೂ ಬಡ್ತಿ ಕೇಳಿಲ್ಲವೆಂಬುದು ಅದರ ಧಾರವಾಡತನಕ್ಕೆ ಪ್ರಬಲ ಪ್ರಮಾಣ.

ಸಿದ್ಧಾಂತ: ಕ್ಷೇತ್ರಕಾರ್ಯದಲ್ಲಿ ಕಂಡದ್ದು ಬೇರೆಯೇ. ಗುಲ್‌ಮೊಹರಿನ ಬೇರು ಆಳಕ್ಕಿಳಿಯದೆ ಅಡ್ಡ ಹರಿದು ಗೋಡೆಯನ್ನು ಸೀಳುತ್ತದೆ. ಮಳೆಗಾಲದಲ್ಲಿ ಅದೇ ಬಿರುಕಿನಲ್ಲಿ ಹಾವಸೆ ಸಂಸಾರ ಹೂಡುತ್ತದೆ. ಒಂದು ಕೆಡಿಸುವುದು, ಇನ್ನೊಂದು ಕೆಟ್ಟದ್ದರ ಮೇಲೆ ಹಸಿರು ಹೊದಿಸುವುದು, ಗೋಡೆಯನ್ನು ಮಾತ್ರ ಯಾರೂ ರಿಪೇರಿ ಮಾಡದಿರುವುದು: ಇದು ಪರಿಪೂರ್ಣ ನಗರಾಡಳಿತ. ಆದಕಾರಣ 1962ರ ನಿರ್ಧಾರ ಸಸ್ಯಶಾಸ್ತ್ರಸಮ್ಮತವೆಂದು ಪ್ರತಿಜ್ಞೆಗೆ ವಿರುದ್ಧವಾಗಿ ತೀರ್ಮಾನಿಸಲಾಗಿದೆ. ಒಪ್ಪದವರು ಶ್ರಾವಣದಲ್ಲಿ ಆ ಗೋಡೆ ಹತ್ತಿ ಪರೀಕ್ಷಿಸಬಹುದು. ಜಾರಿ ಬಿದ್ದರೆ ಅದನ್ನೂ ಹಾವಸೆಯ ಪರವಾದ ಸಾಕ್ಷ್ಯವೆಂದೇ ದಾಖಲಿಸಲಾಗುವುದು.