ಟು ಬಿ ಪೇಯ್ಡ್, ಆದರೆ ಯಾರಿಂದ?

ಇಂಗ್ಲಿಷ್ ವ್ಯಾಕರಣದಲ್ಲಿ ನನಗೆ ಮೊದಲಿಂದಲೂ ಗುಮಾನಿ ಇರೋದು ಒಬ್ಬನ ಮೇಲೆ. ಅವನ ಹೆಸರು ಪ್ಯಾಸಿವ್ ಇನ್ಫಿನಿಟಿವ್. ಹೆಸರು ಕೇಳಿ ಎದ್ದು ಹೋಗಬೇಡಿ. 'ಟು ಬಿ' ಅಂತ ಎರಡು ಪದ, ಅದರ ಬೆನ್ನಿಗೆ ಕ್ರಿಯಾಪದದ ಮೂರನೇ ರೂಪ. ಟು ಬಿ ಪೇಯ್ಡ್, ಟು ಬಿ ಫಿಲ್ಡ್, ಟು ಬಿ ಸೀನ್. ಸರಂಜಾಮು ಇಷ್ಟೇ. ಆದರೆ ಇವನು ಬಂದು ಕೂತ ವಾಕ್ಯದಲ್ಲಿ ಕೆಲಸ ಇರುತ್ತೆ, ಮಾಡೋನು ನಾಪತ್ತೆ. ಮಾತ್ರೆ ಚೀಟಿ ಮೇಲೆ 'ಟು ಬಿ ಟೇಕನ್ ಆಫ್ಟರ್ ಫುಡ್' ಅಂತಿದ್ದರೆ ನುಂಗೋನು ರೋಗಿ ಅನ್ನೋದು ಯಾರಿಗೂ ಹೇಳಬೇಕಾಗಿಲ್ಲ. ಕಚೇರಿ ಕಡತದ ಅಂಚಿನಲ್ಲಿ ಯಾರೋ 'ಟು ಬಿ ಎಕ್ಸಾಮಿನ್ಡ್' ಅಂತ ಗೀಚಿ ಸಹಿ ಹಾಕಿದರೋ, ಅಲ್ಲಿಂದ ಆಚೆಗೆ ಆ ಕಡತಕ್ಕೆ ಹೇಳೋರಿಲ್ಲ, ಕೇಳೋರಿಲ್ಲ.

ನಮ್ಮ ರಾಯಚರ್ಲಿನಲ್ಲಿ ಇವನ ಸುದ್ದಿ ಬೇಲಿ ಹತ್ತಿರ ಎದ್ದಿದ್ದು ಪಕ್ಕದ ಮನೆ ಅಣ್ಣನ ಮೊಮ್ಮಗಳಿಂದ. ಆ ಮಗು ಹತ್ತನೇ ಕ್ಲಾಸು. ನಾವಿರೋದು ತುಮಕೂರು ಜಿಲ್ಲೆಯಲ್ಲಾದರೂ ಸ್ಕೂಲಿನ ಲೆಕ್ಕಕ್ಕೆ ನಮ್ಮದು ಮಧುಗಿರಿ ಶೈಕ್ಷಣಿಕ ಜಿಲ್ಲೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕು ಅದರೊಳಗೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ತುಮಕೂರಿಗೊಂದು ಸ್ಥಾನ, ಮಧುಗಿರಿಗೆ ಬೇರೆಯದೇ ಸ್ಥಾನ. ಹಾಗಾಗಿ ಸಂಕ್ರಾಂತಿ ಕಳೆದದ್ದೇ ತಡ, ಮೇಷ್ಟ್ರುಗಳು ಮಕ್ಕಳನ್ನು ಕೂರಿಸಿಕೊಂಡು ಕರ್ತರಿಯಿಂದ ಕರ್ಮಣಿಗೆ, ಕರ್ಮಣಿಯಿಂದ ಕರ್ತರಿಗೆ ತಿರುಗಿಸೋದೇ ತಿರುಗಿಸೋದು. ನಿವೃತ್ತಿ ಆಗೋವರೆಗೆ ನಾನೂ ತಿರುಗಿಸಿದವನೇ.

"ಮೇಷ್ಟ್ರು ತಾತ, 'ದಿ ರೆಂಟ್ ಈಸ್ ಟು ಬಿ ಪೇಯ್ಡ್' ಅಂದ್ರೆ ಏನು?" ಅಂದಳು. ಕೈಯಲ್ಲಿದ್ದ ಗೈಡಿನಲ್ಲಿ ಉತ್ತರ ಸಿದ್ಧವಾಗಿತ್ತು: ಬಾಡಿಗೆಯು ಕೊಡಲ್ಪಡಬೇಕಾಗಿದೆ.

ಅಣ್ಣ ಜಗಲಿ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸ್ತಾ ಕೂತಿದ್ದ. ಬಾಡಿಗೆ ಅಂದಿದ್ದೇ ತಲೆ ಎತ್ತಿದ. "ಯಾರು ಕೊಡ್ಬೇಕಂತೆ?"

"ಅದು ಬರ್ದಿಲ್ಲ ತಾತ."

"ಬರೀದಿದ್ರೆ ಯಾರ್ನ ಕೇಳೋದು?"

ಅಣ್ಣನ ಕಿವಿ ನೆಟ್ಟಗಾಗೋಕೆ ಕಾರಣ ಇದೆ. ತಿರುಮಣಿ, ಬಳಸಮುದ್ರ, ಕ್ಯಾತಗಾನಚರ್ಲು, ವಳ್ಳೂರು, ನಮ್ಮ ರಾಯಚರ್ಲು, ಈ ಐದೂರಿನ ಸುತ್ತ ಸುಮಾರು 13,000 ಎಕರೆ ಸೋಲಾರ್ ಪಾರ್ಕಿಗೆ ಹೋಗಿದೆ. ಒಟ್ಟು 2,050 ಮೆಗಾವ್ಯಾಟ್ ಕರೆಂಟು. 2018ರ ಮಾರ್ಚಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮೊದಲ ಹಂತ ಉದ್ಘಾಟಿಸಿದರು, 'ಶಕ್ತಿ ಸ್ಥಳ' ಅಂತ ಹೆಸರೂ ಆಯಿತು. ಜಮೀನು ಕ್ರಯಕ್ಕೆ ಹೋಗಲಿಲ್ಲ, ಗುತ್ತಿಗೆಗೆ ಹೋಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಂದು ಸಲ ನೂರಕ್ಕೆ ಐದು ಜಾಸ್ತಿ. ಮೊದಲ ಏರಿಕೆಗೆ 22,050. ಈ ಲೆಕ್ಕ ಅಣ್ಣ ಕೈಬೆರಳಲ್ಲೇ ಹಾಕ್ತಾನೆ, ಕ್ಯಾಲ್ಕುಲೇಟರ್ ಬೇಕಾಗಿಲ್ಲ. ಕಡ್ಲೆಕಾಯಿ ಬಿತ್ತಿ ಮೋಡದ ಮುಖ ನೋಡ್ತಿದ್ದ ಊರು ಈಗ ಬಾಡಿಗೆ ಬರೋ ತಿಂಗಳು ನೋಡುತ್ತೆ. ಇಂಥ ಕಡೆ 'ಟು ಬಿ ಪೇಯ್ಡ್' ಬರೀ ಎರಡು ಮಾರ್ಕ್ಸಿನ ಪ್ರಶ್ನೆ ಅಲ್ಲ. ನ್ಯಾಯವಾಗಿ ಹೇಳಬೇಕು ಅಂದರೆ, ಗುತ್ತಿಗೆ ಪತ್ರ ಬರೆಯೋ ವಕೀಲರು ನಮ್ಮ ಗೈಡಿನವರಷ್ಟು ಸಡಿಲ ಬಿಡೋರಲ್ಲ. ಕೊಡೋರು ಯಾರು, ತಗೊಳ್ಳೋರು ಯಾರು ಅಂತ ಮೊದಲನೇ ಪುಟದಲ್ಲೇ ಕಟ್ಟಿಹಾಕಿ ಆಮೇಲೆ 'ಟು ಬಿ'ಗಳನ್ನ ಮೇಯೋಕೆ ಬಿಡ್ತಾರೆ.

"ಅಣ್ಣ, ನೀನು ಇದನ್ನ ಹೆಂಗೆ ಹೇಳ್ತೀಯ?" ಅಂದೆ.

"ಹೆಂಗೆ ಹೇಳೋದು? ಬಾಡಿಗೆ ಬರ್ಬೇಕು."

ನೋಡಿ, ಅಲ್ಲೇ ಇರೋದು ವಿಷಯ. ಇಂಗ್ಲಿಷಿನವನು ಕೊಡೋನನ್ನ ಬಚ್ಚಿಟ್ಟು ಕೊಡೋ ಕೆಲಸವನ್ನ ಉಳಿಸಿಕೊಂಡ. ನಮ್ಮ ಅಣ್ಣ ಕೊಡೋ ಕೆಲಸವನ್ನೇ ಎತ್ತಿಹಾಕಿ ದುಡ್ಡಿಗೇ ಕಾಲು ಕೊಟ್ಟ. ದುಡ್ಡು ಬರಬೇಕು, ರೋಡು ಆಗಬೇಕು, ನೀರು ಹರಿಯಬೇಕು, ಅರ್ಜಿ ಮೇಲಕ್ಕೆ ಹೋಗಬೇಕು. ನಮ್ಮೂರಲ್ಲಿ ಮನೆಯೊಳಗೆ ತೆಲುಗು, ಆಚೆ ಕನ್ನಡ. ಅಣ್ಣನ ಹೆಂಡತಿ ಒಲೆ ಮುಂದಿನಿಂದಲೇ "ಡಬ್ಬು ರಾವಾಲ" ಅಂದಳು. ಅಲ್ಲೂ ಅದೇ, ದುಡ್ಡು ತಾನೇ ನಡೆದು ಬರುತ್ತೆ.

ಇದನ್ನ ನಾನು ಕಂಡುಹಿಡಿದದ್ದೇನಲ್ಲ. ಪಾದ್ರಿ ಕಾಲ್ಡ್‌ವೆಲ್ 1856ರಲ್ಲಿ ದ್ರಾವಿಡ ಭಾಷೆಗಳ ವ್ಯಾಕರಣ ಬರೆದಾಗಲೇ ಗುರುತಿಸಿದ್ದ: ಈ ಜನಕ್ಕೆ ಕರ್ಮಣಿ ಅನ್ನೋದು ಸ್ವಂತದ್ದಲ್ಲ, 'ಪಡು' ಅಂಟಿಸಿ ಮಾಡಿಕೊಂಡದ್ದು, ಮಾತಿನಲ್ಲಿ ಅದರ ಬದಲು 'ಒಡೆಯಿತು', 'ಮುರಿಯಿತು' ಅನ್ನೋ ಥರದ ಕ್ರಿಯಾಪದಗಳೇ ಸಾಕು ಅಂತ. ನಮ್ಮವರೇ ಆದ ಡಿ.ಎನ್. ಶಂಕರ ಭಟ್ಟರಂತೂ 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಅಂತ ಪುಸ್ತಕವನ್ನೇ ಬರೆದರು. ಆದರೂ 'ರಾಮನಿಂದ ರಾವಣನು ಕೊಲ್ಲಲ್ಪಟ್ಟನು' ಅನ್ನೋದು ಬ್ಲ್ಯಾಕ್‌ಬೋರ್ಡ್ ಬಿಟ್ಟು ಹೋಗಲಿಲ್ಲ. ಆ 'ಪಡು' ಯಾವುದು ಗೊತ್ತಲ್ಲ? ಕಷ್ಟಪಡು, ಸಂಕಟಪಡು, ಅದೇ ಪಡು. ಅಣ್ಣನಿಗೆ ಇದನ್ನ ಹೇಳಿದೆ. "ಹಂಗಾದ್ರೆ ಕೊಡಲ್ಪಡೋದು ಅಂದ್ರೆ ಕೊಡೋಕೆ ಸಂಕಟ ಪಡೋದು. ಗೈಡಿನೋನು ಸರಿಯಾಗೇ ಬರ್ದವ್ನೆ ಬಿಡಿ" ಅಂದ.

ನಿಜ ಹೇಳಬೇಕು ಅಂದರೆ ಕನ್ನಡದ ಬಾಯಲ್ಲಿ ಓಡಾಡೋ ಕರ್ಮಣಿ ಬೇರೆಯೇ ಒಂದಿದೆ, ಅದನ್ನ ಯಾವ ಗೈಡೂ ಕರ್ಮಣಿ ಅಂತ ಕರೆಯಲ್ಲ. 'ಹಿ ವಾಂಟ್ಸ್ ಟು ಬಿ ಪ್ರೇಯ್ಸ್ಡ್' ಅಂದರೆ? ಅವನಿಗೆ ಹೊಗಳಿಸ್ಕೋಬೇಕು ಅಂತ ಆಸೆ. 'ಟು ಬಿ ಇನ್ವೈಟೆಡ್'? ಕರೆಸ್ಕೋಬೇಕು. ಈ 'ಇಸಿಕೊಳ್ಳು' ಇದೆಯಲ್ಲ, ಬಲು ಚಾಲಾಕಿ. ಹುಡುಗ ಮೇಷ್ಟ್ರ ಹತ್ರ ಹೊಡಿಸ್ಕೊಂಡ. ಸೊಸೆ ಅತ್ತೆ ಹತ್ರ ಬೈಸ್ಕೊಂಡಳು. ಯಾರೋ ಪಾಪ ನಾಯಿ ಹತ್ರ ಕಚ್ಚಿಸ್ಕೊಂಡ. ಕಚ್ಚಿದ್ದು ನಾಯಿ, ಆದರೂ ಈ ಮಾತಿನಲ್ಲಿ ಕಡಿತ ತಿಂದವನೇ ಏನೋ ಹೋಗಿ ಮಾಡಿಸಿಕೊಂಡು ಬಂದ ಹಾಗೆ ಕೇಳಿಸುತ್ತೆ. ಇಂಗ್ಲಿಷ್ ಮಾಡಿದವನನ್ನ ಮರೆಮಾಡುತ್ತೆ. ಕನ್ನಡ ಅನುಭವಿಸಿದವನ ಮೇಲೇ ಅರ್ಧ ತಪ್ಪು ಹೊರಿಸುತ್ತೆ. ಎರಡರಲ್ಲಿ ಯಾವುದು ಕ್ರೂರ ಅಂತ ನಾನು ತೀರ್ಪು ಕೊಡಲ್ಲ. ಕನ್ನಡದ್ದರಲ್ಲಿ ಕಚ್ಚಿದ ನಾಯಿ ಕಣ್ಣೆದುರಿಗಾದರೂ ಇರುತ್ತೆ, ಅಷ್ಟು ಒಳ್ಳೇದು.

ಸುದ್ದಿ ಹೇಳೋಕೆ ಇಂಗ್ಲಿಷಿನವರು ಇದನ್ನೇ ಇನ್ನಷ್ಟು ಉದ್ದ ಎಳೀತಾರೆ. 'ದಿ ಅಮೌಂಟ್ ಈಸ್ ಸೆಡ್ ಟು ಹ್ಯಾವ್ ಬೀನ್ ಪೇಯ್ಡ್.' ಹೇಳಿದೋರೂ ಇಲ್ಲ, ಕೊಟ್ಟೋರೂ ಇಲ್ಲ. ಯಾವುದೋ ಒಂದು ಕಾಲದಲ್ಲಿ ಯಾರೋ ಏನೋ ಕೊಟ್ಟರು ಅಂತ ಯಾರೋ ಅಂದರು. ಮಗು ಇದನ್ನ ಓದಿ ಬಿಡಿಸೋಕೆ ಹೋಗಿ ಬೆವರಿತು. ಅಣ್ಣ ಹೇಳಿದ್ದು: "ಕೊಟ್ಟಾಯ್ತಂತೆ." ಒಂದು ಪದ. ಕೊನೆಯ ಆ 'ಅಂತೆ' ಒಂದಕ್ಕೇ ಇಂಗ್ಲಿಷಿನ ಅರ್ಧ ವಾಕ್ಯ ಹೊರೋ ಶಕ್ತಿ ಇದೆ. ಹೇಳಿದೋನು ಜವಾಬ್ದಾರಿಯಿಂದ ಜಾರಿಕೊಳ್ಳೋಕೂ ಅದೇ ಸಾಕು.

ಜಾರಿಕೊಳ್ಳೋ ವಿದ್ಯೆ ಇಂಗ್ಲಿಷಿನವರ ಗುತ್ತಿಗೆ ಅಂತ ಯಾರೂ ತಿಳೀಬಾರದು. 1963ರಲ್ಲಿ ರಾಜ್ಯದ ಆಡಳಿತ ಭಾಷೆ ಕನ್ನಡ ಅಂತ ಕಾಯ್ದೆ ಬಂತು. ನಿಧಾನಕ್ಕೆ ಕಡತದ ಅಕ್ಷರ ಬದಲಾಯಿತು, ಮಾಡೋನು ಮಾತ್ರ ಅದರೊಳಗೆ ಬರಲೇ ಇಲ್ಲ. ಪರಿಶೀಲಿಸಲಾಗುವುದು, ಕ್ರಮ ಕೈಗೊಳ್ಳಲಾಗುವುದು, ಮುಂದಿನ ದಿನಗಳಲ್ಲಿ ತಿಳಿಸಲಾಗುವುದು. 'ಟು ಬಿ'ಗೆ ಪಂಚೆ ಉಡಿಸಿ ಕೂರಿಸಿದ್ದಾರೆ, ಅಷ್ಟೇ.

ಆದರೆ ಇಂಗ್ಲಿಷಿನವರಿಗೆ ಮೊದಲಿಂದ ಈ ಚಾಳಿ ಇತ್ತು ಅಂದುಕೊಂಡರೆ ಅದೂ ತಪ್ಪು. ಹಳೇ ಇಂಗ್ಲಿಷಿನಲ್ಲಿ ಈ 'ಟು ಬಿ' ಅಪರೂಪ, ಮಧ್ಯಕಾಲದಲ್ಲಿ ಹರಡಿಕೊಂಡದ್ದು. ಅದಕ್ಕೆ ಮುಂಚೆ ಬರೀ 'ಟು' ಹಾಕಿಯೇ ಎರಡೂ ಕಡೆ ನಡೆಸ್ತಿದ್ದರು. ಅದರ ಗುರುತು ಇವತ್ತಿಗೂ ಬೆಂಗಳೂರಿನ ಗೇಟುಗಳ ಮೇಲೆ ತೂಗುತ್ತೆ: ಟು-ಲೆಟ್. ಮನೆ ಬಾಡಿಗೆಗೆ ಕೊಡಬೇಕಾದದ್ದು, ಹಾಗಿದ್ದೂ 'ಟು ಬಿ ಲೆಟ್' ಅಲ್ಲ. 'ಹೂ ಈಸ್ ಟು ಬ್ಲೇಮ್' ಅನ್ನೋದೂ ಅದೇ ಕಾಲದ್ದು. 'ಈಸಿ ಟು ರೀಡ್' ಕೂಡ ಹಾಗೇ. ನಮ್ಮ ಮಕ್ಕಳು ಕರ್ಮಣಿ ಉರು ಹೊಡೆದ ಭಯಕ್ಕೆ 'ದಿಸ್ ಬುಕ್ ಈಸ್ ಈಸಿ ಟು ಬಿ ರೆಡ್' ಅಂತ ಬರೀತಾರೆ. ಪುಸ್ತಕ ತಾನೇ ಓದಿಕೊಳ್ಳಲ್ಲವಲ್ಲ, ಹಾಗಾಗಿ 'ಟು ಬಿ' ಇರಲೇಬೇಕು ಅನ್ನೋ ತರ್ಕ. ಕನ್ನಡದಲ್ಲೇ ಯೋಚಿಸಿದ್ದರೆ ಬಚಾವಾಗ್ತಿದ್ದರು. 'ಓದೋಕೆ ಸುಲಭ', 'ತಿನ್ನೋಕೆ ರುಚಿ', 'ಹುಣಸೆ ಬಡಿಯೋದಿದೆ': ಓದೋನು, ತಿನ್ನೋನು, ಬಡಿಯೋನು ಯಾರು ಅಂತ ನಾವು ಹೇಳಲ್ಲ, ಆದರೆ ಅದಕ್ಕೋಸ್ಕರ ಕ್ರಿಯಾಪದವನ್ನ ಮಗುಚೋ ಕಷ್ಟಕ್ಕೂ ಹೋಗಲ್ಲ.

"ಹಂಗಾದ್ರೆ 'ಟು ಬಿ' ಬಿಟ್ರೂ ನಡೀತದಾ ತಾತ?" ಅಂತ ಮಗು ಕೇಳಿತು. ಎಲ್ಲಾ ಕಡೆ ನಡೆಯಲ್ಲ. 'ದಿ ಫಾರ್ಮರ್ ಎಕ್ಸ್‌ಪೆಕ್ಟ್ಸ್ ಟು ಪೇ' ಅಂದರೆ ದುಡ್ಡು ರೈತನ ಜೇಬಿಂದ ಹೋಗುತ್ತೆ, 'ಟು ಬಿ ಪೇಯ್ಡ್' ಅಂದರೆ ಅವನ ಜೇಬಿಗೆ ಬರುತ್ತೆ. ಒಂದು 'ಬಿ' ಮರೆತರೆ ಅಣ್ಣ ವರ್ಷಕ್ಕೆ ಎಕರೆಗಿಷ್ಟು ಅಂತ ಕೈಯಿಂದ ತೆರಬೇಕಾಗುತ್ತೆ. ಮಗು ಇದನ್ನ ಎರಡು ಸಲ ಗೀಟು ಎಳೆದು ಬರಕೊಂಡಿತು.

ಇನ್ನೊಂದು ಜೋಡಿ ಇದೆ, ಪಾಠ ಮಾಡೋವಾಗ ನನಗೆ ಅಚ್ಚುಮೆಚ್ಚು. 'ದೇರ್ ಈಸ್ ನಥಿಂಗ್ ಟು ಡು' ಅಂದರೆ ಮಾಡೋಕೆ ಕೆಲಸ ಇಲ್ಲ, ಸುಮ್ಮನೆ ಕೂತಿದ್ದೀನಿ, ಹೊತ್ತು ಹೋಗ್ತಿಲ್ಲ. 'ನಥಿಂಗ್ ಟು ಬಿ ಡನ್' ಅಂದರೆ ಇನ್ನೇನೂ ಮಾಡೋ ಹಾಗಿಲ್ಲ, ಕೈಮೀರಿತು. ಒಂದು ಬೇಸರ, ಇನ್ನೊಂದು ತೀರ್ಮಾನ. ಇದನ್ನ ಬಿಡಿಸಿ ಹೇಳಿದ ಮೇಲೆ ಅಣ್ಣ ಹುಣಸೆಹಣ್ಣು ಪಕ್ಕಕ್ಕಿಟ್ಟ. ಜಮೀನಿದ್ದೋರಿಗೆ ಬಾಡಿಗೆ ಬಂತು. ಅವರ ಹೊಲದಲ್ಲಿ ಕಳೆ ಕೀಳ್ತಿದ್ದೋರು, ಕಡ್ಲೆಕಾಯಿ ಬಿಡಿಸ್ತಿದ್ದೋರು, ಕುರಿ ಮೇಯಿಸ್ತಿದ್ದೋರ ಹೆಸರಲ್ಲಿ ಪಹಣಿ ಇಲ್ಲ, ಹಾಗಾಗಿ ಬಾಡಿಗೆಯೂ ಇಲ್ಲ. ಪ್ಯಾನೆಲ್ ಒರೆಸೋ ಕೆಲಸ, ಹುಲ್ಲು ಕೊಯ್ಯೋ ಕೆಲಸ, ಕಾವಲು ಕೆಲಸ ಕೆಲವರಿಗೆ ಸಿಕ್ಕಿತು, ಎಲ್ಲರಿಗೂ ಎಲ್ಲಿಂದ ಸಿಗಬೇಕು? ಇದು ಅಣ್ಣನಿಗೆ ನನಗಿಂತ ಚೆನ್ನಾಗಿ ಗೊತ್ತು.

"ನಿಮ್ ಮೊದಲ್ನೇ ವಾಕ್ಯದೋರು ದಿನಾ ಬೆಳಗ್ಗೆ ಟೀ ಅಂಗಡಿ ಮುಂದೆ ಕೂತಿರ್ತಾರೆ ಮೇಷ್ಟ್ರೇ, ನಾನೇ ನೋಡ್ತೀನಿ" ಅಂದ. "ಎರಡ್ನೇದು ಅಂತ ಬರೆಯೋರು ಎಲ್ಲಿ ಕೂತಿರ್ತಾರೆ, ಅದನ್ನ ನೀವು ಹೇಳಿ."